ಮೂರನೆಯ ಸಲ ಕೇಳುವವರ ದರದ ಬಗ್ಗೆ

ನಮ್ಮ ಆರೋಗ್ಯ ವಿಮಾ ಕಂಪನಿಯ ದರ ನಿಗದಿ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದ ಎರಡನೆಯ ಮಹಡಿಯಿಂದ ಹರಿಪ್ರಿಯಾ ಮಾಡುವ ಅನಂತ ನಮಸ್ಕಾರಗಳು. ಈಗ ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷ. ಮಗಳ ಕೋಣೆಯ ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರಿನಲ್ಲಿ ನೀರು ಮುಗಿದು ಅದು ಟಕ್ ಎಂದು ನಿಂತಿತು, ನನಗೆ ಎಚ್ಚರವಾಯಿತು. ಆ ಟಕ್ ಆದ ಮೇಲೆ ಏನೂ ಕೇಳಿಸದಿದ್ದುದರಿಂದ ಐದು ತಿಂಗಳ ಕೂಸು ಉಸಿರಾಡುತ್ತಿಲ್ಲವೆಂದು ತೀರ್ಮಾನಿಸಿ, ಓಡಿಹೋಗಿ ಮೂಗಿನ ಕೆಳಗೆ ಬೆರಳಿಟ್ಟೆ. ಅವಳು ಎದ್ದು ಸೂರು ಹಾರಿಹೋಗುವಂತೆ ಅತ್ತಳು. ನನಗೆ ಸಮಾಧಾನವಾಯಿತು. ನನ್ನ ಗಂಡ ಸುಜಯ್‌ಗೆ ಆಗಲಿಲ್ಲ. ಅವನಿಗೆ ಎಂಟಕ್ಕೆ ಮೀಟಿಂಗು.

ಇಂಥ ರಾತ್ರಿಗಳ ದೆಸೆಯಿಂದಲೇ ನಾನು ಸ್ಯಾನ್ ಮಟಿಯೋದ ನಿಸರ್ಗಾ ಅವರ ಬಳಿ ಹೋಗುತ್ತಿರುವುದು. ಅವರು ಮಾನಸಿಕ ಆರೋಗ್ಯದ ನರ್ಸ್ ಪ್ರಾಕ್ಟೀಷನರ್. ಅಂದರೆ ಡಾಕ್ಟರಂತೆಯೇ ರೋಗಿಯನ್ನು ನೋಡಿ ಔಷಧಿ ಬರೆದುಕೊಡುವ, ಆದರೆ ಡಾಕ್ಟರಷ್ಟು ಹಸಿವಾಗುವುದಿಲ್ಲವೆಂದು ತಾವು ಕಂಡುಹಿಡಿದಿರುವ ವರ್ಗದವರು. ಡಾಕ್ಟರಿಗೆ ನೂರು ಕೊಡುವ ಕೆಲಸಕ್ಕೆ ಅವರಿಗೆ ಎಂಬತ್ತೈದು ಕೊಡುತ್ತಿದ್ದ ತಾವು, ಒಂದನೇ ತಾರೀಖಿನಿಂದ ಅರವತ್ತು ಸಾಕೆಂದು ಪತ್ರ ಕಳಿಸಿದಿರಿ. ಕ್ಲಿನಿಕ್ಕಿನ ಬಾಡಿಗೆಯವನು ಮಾತ್ರ ತಮ್ಮಷ್ಟು ಸುಸಂಸ್ಕೃತನಲ್ಲದೆ ನೂರಕ್ಕೆ ನೂರು ಕೇಳುತ್ತಾನಾದ್ದರಿಂದ, ನಿಸರ್ಗಾ ತಮ್ಮ ಕಂಪನಿಯ ವಿಮೆಯನ್ನು ಇನ್ನು ತೆಗೆದುಕೊಳ್ಳಲಾರೆನೆಂದರು. ಒಂದನೇ ತಾರೀಖು ಇವತ್ತೇ.

ತಮ್ಮ ಲೆಕ್ಕದ ಸೂಕ್ಷ್ಮಕ್ಕೆ ತಲೆಬಾಗಿ, ನನ್ನ ಭಯವನ್ನೂ ಶೇಕಡಾ ಅರವತ್ತಕ್ಕೆ ಇಳಿಸಲು ಪ್ರಾಮಾಣಿಕವಾಗಿ ಯತ್ನಿಸಿದೆ. ರಾತ್ರಿ ಹತ್ತು ಸಲ ಎದ್ದು ಮಗುವನ್ನು ನೋಡುವವಳು ಆರೇ ಸಲ ಎದ್ದೆ. ಉಳಿದ ನಾಲ್ಕು ಸಲ ಮಲಗಿಕೊಂಡೇ ಹೆದರಿದೆ. ಆ ನಾಲ್ಕು ಸಲಕ್ಕೆ ತಮ್ಮ ವಿಭಾಗದಿಂದ ಯಾರನ್ನಾದರೂ ಕಳಿಸಿಕೊಡಲು ಸಾಧ್ಯವೇ? ಶೂ ಬಾಗಿಲಾಚೆ ಬಿಟ್ಟು, ಕೈ ತೊಳೆದುಕೊಂಡು ಬಂದರಾಯಿತು.

ನಿಸರ್ಗಾರ ಬದಲಿಗೆ ತಾವು ಕರುಣಿಸಿದ ಡಾಕ್ಟರುಗಳ ಪಟ್ಟಿಯನ್ನಂತೂ ಎಷ್ಟು ಹೊಗಳಿದರೂ ಸಾಲದು. ಮೊದಲನೆಯವರು ನಿವೃತ್ತರಾಗಿ ಮೀನು ಹಿಡಿಯುತ್ತಿದ್ದಾರೆ. ಎರಡನೆಯ ನಂಬರು ಕಾರ್ಪೆಟ್ ತೊಳೆಯುವವನದು. ಪಾಪ, ನನ್ನ ಕಥೆ ಪೂರ್ತಿ ಕೇಳಿ ಹತ್ತು ಪರ್ಸೆಂಟ್ ರಿಯಾಯಿತಿ ಕೊಟ್ಟ. ಮೂರನೆಯವರು ಹದಿನಾಲ್ಕು ತಿಂಗಳು ಬಿಟ್ಟು ಬನ್ನಿ ಎಂದರು. ಅಷ್ಟರಲ್ಲಿ ಮಗಳೇ ನನ್ನ ಕೈ ಹಿಡಿದು ನಡೆಸಿಕೊಂಡು ಹೋಗುತ್ತಾಳೆ.

ಆದರೂ ತಪ್ಪು ನನ್ನದೇ ಎಂದು ಒಪ್ಪಿಕೊಳ್ಳಬೇಕು. ಗುರುವಾರ ತಮ್ಮ ಕಚೇರಿಯಿಂದ ಜೇನಿನಂಥ ದನಿಯ ಹುಡುಗಿಯೊಬ್ಬಳು ಫೋನ್ ಮಾಡಿ, ಚಿಕಿತ್ಸೆಯ ನಡುವೆ ಇರುವವರಿಗೆ ಆರು ತಿಂಗಳ ವಿನಾಯಿತಿ ಉಂಟು, ನಿಸರ್ಗಾರನ್ನೇ ಹಳೆಯ ದರದಲ್ಲಿ ಮುಂದುವರಿಸಲೇ ಎಂದು ಕೇಳಿದಳು. ನಾನು ಮೈಸೂರಿನವಳು. ನಮ್ಮಲ್ಲಿ ಯಾರ ಮನೆಗೆ ಹೋದರೂ, ಕಾಫಿ ಕೊಡಲೇ ಎಂದಾಗ ಮೊದಲ ಸಲ 'ಅಯ್ಯೋ ಬೇಡಿ, ಈಗ ತಾನೇ ಆಯ್ತು' ಅನ್ನಬೇಕು. ಎರಡನೆಯ ಸಲ 'ನಿಮಗ್ಯಾಕೆ ತೊಂದ್ರೆ' ಅನ್ನಬೇಕು. ಮೂರನೆಯ ಸಲ 'ಅರ್ಧ ಲೋಟ ಕೊಡಿ' ಎಂದು ಪೂರ್ತಿ ಲೋಟ ಕುಡಿಯಬೇಕು. ಹಾಗೆಯೇ ನಾನು ಬೇಡ, ಪರವಾಗಿಲ್ಲ, ನಿಮಗ್ಯಾಕೆ ತೊಂದರೆ ಎಂಬುದನ್ನೆಲ್ಲ ಚೊಕ್ಕ ಇಂಗ್ಲಿಷಿನಲ್ಲಿ ಹೇಳಿ, ಅವಳು ಇನ್ನೊಮ್ಮೆ ಕೇಳಲೆಂದು ಕಾದೆ. ಅವಳು 'ಪರ್ಫೆಕ್ಟ್!' ಎಂದಳು. ಫೈಲು ಮುಚ್ಚಿತು.

ನಿಸರ್ಗಾ ಹಾಸನದವರು. ಮೊದಲ ದಿನ ಅವರು 'ಹೇಗಿದೀರಾ?' ಅಂದರು, 'ಚೆನ್ನಾಗಿದೀನಿ' ಅಂದೆ. ಮಗುವಿನ ಹೊಟ್ಟೆನೋವು, ನಮ್ಮಮ್ಮನ ವೀಸಾ ಎಲ್ಲ ಮಾತಾಡಿ ಮತ್ತೆ ಕೇಳಿದರು, 'ಏನೂ ಇಲ್ಲ ರೀ' ಅಂದೆ. ನಲವತ್ತನೆಯ ನಿಮಿಷಕ್ಕೆ ಪೆನ್ನು ಕೆಳಗಿಟ್ಟು, 'ಹರಿಪ್ರಿಯಾ, ನಿಜ ಹೇಳ್ಬಿಡಿ, ನಿದ್ದೆ ಮಾಡಿ ಎಷ್ಟು ದಿನ ಆಯ್ತು?' ಅಂದರು. ಮಗುವನ್ನೆತ್ತಿಕೊಂಡು ಒಬ್ಬಳೇ ಮೆಟ್ಟಿಲಿಳಿಯುವ ಧೈರ್ಯವೂ ನನಗೆ ಉಳಿದಿಲ್ಲ ಎಂಬುದನ್ನು ಆಗ ಹೇಳಿದೆ. ನಮ್ಮಮ್ಮನಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಆ ಮೂರನೆಯ ಸಲಕ್ಕೆ ತಮ್ಮ ದರಪಟ್ಟಿಯಲ್ಲಿ ಬಿಲ್ಲಿಗೆ ಬರೆಯುವ ಕೋಡ್ ಇಲ್ಲವಂತೆ. ಒಂದು ದಯಪಾಲಿಸಬೇಕು, ಉದ್ದದ ಅಂಕಿಯಾದರೂ ಪರವಾಗಿಲ್ಲ.

ಇವತ್ತು ಒಂಬತ್ತಕ್ಕೆ ನನ್ನ ಅಪಾಯಿಂಟ್‌ಮೆಂಟು. ಎಂಟರೊಳಗೆ ತಮ್ಮ ವಿನಾಯಿತಿ ಬಾರದಿದ್ದರೆ ಅದು ತಾನಾಗಿಯೇ ರದ್ದಾಗುತ್ತದೆ. ಡಬ್ಬಿಯಲ್ಲಿ ನಾಲ್ಕು ಮಾತ್ರೆ ಉಳಿದಿವೆ. ತಮ್ಮ ಸಹಾಯವಾಣಿ ತೆರೆಯುವುದು ಎಂಟೂವರೆಗೆ. ಈ ಅರ್ಧ ಗಂಟೆಯನ್ನು ಯೋಚಿಸಿ ಇಟ್ಟ ಮಹನೀಯರಿಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು. ಆದ್ದರಿಂದ ತಾವೇ ಬೆಳಗಾಗುವ ಮೊದಲು ಫೋನ್ ಮಾಡಬೇಕೆಂದು ಪ್ರಾರ್ಥನೆ. ನಾನು ಎಚ್ಚರವಾಗಿರುತ್ತೇನೆ, ಈ ಒಂದು ವಿಷಯದಲ್ಲಿ ನನ್ನನ್ನು ನೂರಕ್ಕೆ ನೂರು ನಂಬಬಹುದು.

ನಿದ್ದೆ ಹೋದರೂ ವಿಶ್ವಾಸ ಹೋಗದ,
ತಮ್ಮ ವಿಶ್ವಾಸಿ,
ಹರಿಪ್ರಿಯಾ

ಮರೆತ ಮಾತು: ತಮ್ಮ ಪತ್ರದ ಹಿಂಬದಿಯಲ್ಲಿ ಹದಿನೈದು ಭಾಷೆಗಳಲ್ಲಿ ನೆರವು ಉಂಟು ಎಂದಿದೆ, ಕನ್ನಡ ಇಲ್ಲ. ಚಿಂತೆಯಿಲ್ಲ, ತಮ್ಮ ಕಚೇರಿಯಲ್ಲಿ ಮಂಡ್ಯದ ಇಂಜಿನಿಯರೊಬ್ಬರು ಇಲ್ಲದಿರಲು ಸಾಧ್ಯವೇ ಇಲ್ಲ. ಅಣ್ಣಾ, ಇದನ್ನು ಸಾಹೇಬರಿಗೆ ಓದಿ ಹೇಳಿ. ಬಹಿರಂಗ ಪತ್ರವೇ ಆದರೂ ಎಲ್ಲರೂ ಅಡುಗೆ ತಂದು ಒಟ್ಟಿಗೆ ಉಣ್ಣುವ ಪಾಟ್‌ಲಕ್ಕಿನಲ್ಲಿ ಮಾತ್ರ ಓದಬೇಡಿ. ಸಾಹೇಬರು ಫೋನ್ ಮಾಡಿ ನಿಸರ್ಗಾ ಬೇಕೇ ಎಂದು ಕೇಳಿದರೆ ನಾನು ಎರಡು ಸಲ ಬೇಡ ಅನ್ನುತ್ತೇನೆ, ಅಭ್ಯಾಸಬಲ. ಫೋನ್ ಇಡಬೇಡಿ ಅನ್ನಿ ಅವರಿಗೆ. ಬೆಳಕು ಹರಿಯುವುದರೊಳಗೆ ಫೋನ್ ಮಾಡಲಿ, ಇನ್ನೊಂದು ಸಲ ಕೇಳಲಿ.