ನಮ್ಮ ಮನೆ ಹಾವು ಕೋಳಿಮರಿ ಮುಟ್ಟುವುದಿಲ್ಲ

ಕೋಳಿ ಸಾಕದ ಮನೆಯಲ್ಲೂ ಕೋಳಿಯ ಸಲುವಾಗಿ ಜಗಳ ತಪ್ಪಿದ್ದಲ್ಲ ಎನ್ನುವುದು ನನ್ನ ಅನುಭವ. ನಾನು ಹಾನಗಲ್ಲಿನಿಂದ ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಗೆ ಓಡಾಡುವ ಬಸ್ಸುಗಳಲ್ಲಿ ಕಂಡಕ್ಟರ್. ದಿನವಿಡೀ ಐವತ್ತು ಸೀಟಿಗಾಗಿ ನೂರು ಜನ ಆಡುವ ಜಗಳ ಬಿಡಿಸಿ ಮನೆಗೆ ಬಂದರೆ, ಹಿತ್ತಲಲ್ಲಿ ಇಬ್ಬರು ಹೆಂಗಸರ ಜಗಳ ಕಾದಿರುತ್ತದೆ. ನೂರು ಜನರದ್ದನ್ನು ಹೇಗೋ ಬಿಡಿಸಬಹುದು.

ಹಾವು ಯಾರದು?

ನಮ್ಮ ಹಿತ್ತಲಲ್ಲಿ ಬೇವಿನ ಮರದ ಬುಡಕ್ಕೊಂದು ಹುತ್ತ ಇದೆ. ನಾಗರ ಪಂಚಮಿಗೆ ನನ್ನ ಹೆಂಡತಿ ಅದಕ್ಕೆ ಹಾಲೆರೆಯುತ್ತಾಳೆ, ಅವಳಿಗಿಂತ ಮೊದಲು ನಮ್ಮವ್ವ ಎರೆಯುತ್ತಿದ್ದಳು. ಕಲ್ಲುಗೋಡೆಯ ಆಚೆ ಪಕ್ಕದ ಮನೆಯ ಅಕ್ಕ ಜವಾರಿ ಕೋಳಿ ಸಾಕಿದ್ದಾಳೆ. ಅವಳ ಮಗಳು ಬಸುರಿ, ಈಗ ನಾಲ್ಕು ತಿಂಗಳು. ಹೆರಿಗೆಗೆಂದು ತವರಿಗೆ ಬರುವ ಹೊತ್ತಿಗೆ ಬಾಣಂತಿಗೆ ಸಾರು ಮಾಡಲು ಬೆಳೆದ ಕೋಳಿ ಇರಬೇಕು ಎಂದು ಅಕ್ಕ ಹನ್ನೊಂದು ಮರಿ ಮಾಡಿಸಿದ್ದಳು. ಒಂದೇ ವಾರದಲ್ಲಿ ಹನ್ನೊಂದು ಹೋಗಿ ಎಂಟಾದವು.

ಅಕ್ಕ ಗೋಡೆಯ ಹತ್ತಿರ ಬಂದು ಕೂಗಿದಳು. "ವೈನಿ, ನಿಮ್ಮ ಹಾವು ನಮ್ಮ ಮೂರು ಮರಿ ನುಂಗೈತಿ ನೋಡ್ರಿ."

"ನಮ್ಮ ಹಾವು ಅಂಥಾದ್ದೆಲ್ಲ ತಿನ್ನೂದಿಲ್ಲವಾ," ಅಂದಳು ನನ್ನ ಹೆಂಡತಿ. "ನಮ್ಮ ಹಿತ್ತಲದಾಗ ಹುಟ್ಟಿ ಬೆಳದೈತಿ. ತತ್ತಿ ಸೈತ ಮುಟ್ಟಿಲ್ಲ. ಅದು ಕುಡಿಯೂದು ಹಾಲು."

"ಹಾಲು ನೀವು ಎರೆಯೂದು ವರ್ಷಕ್ಕ ಒಂದ ದಿನ. ಉಳದ ದಿನ ಏನ್ ಮಾಡತೈತ್ರಿ?"

ನನ್ನ ಹೆಂಡತಿ ಒಂದು ಕ್ಷಣವೂ ಯೋಚಿಸಲಿಲ್ಲ. "ಉಪಾಸ ಮಾಡತೈತಿ."

ನಾನು ಕಂಡದ್ದು

ಅದು ಆ ವಾರದ ನನ್ನ ರಜೆಯ ದಿನ. ಹಿತ್ತಲಲ್ಲಿ ಖಾಕಿ ಅಂಗಿ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದೆ. ನಮ್ಮ ಹುತ್ತದಿಂದ ನಾಗರಹಾವು ಹೊರಟಿತು, ಗೋಡೆಯ ಸಂದಿಯಲ್ಲಿ ಆಚೆ ಹೋಯಿತು, ಸ್ವಲ್ಪ ಹೊತ್ತಿಗೆ ವಾಪಸು ಬಂತು. ಬಾಯಿಂದ ಎರಡು ಪುಟ್ಟ ಕಾಲು ಹೊರಗೆ ಚಾಚಿಕೊಂಡಿದ್ದವು. ನನ್ನ ಬಕೆಟ್ಟಿನ ಪಕ್ಕದಲ್ಲೇ ಹಾದು ಹುತ್ತ ಸೇರಿತು.

ಹೆಂಡತಿಗೆ ಹೇಳಲೇಬೇಕೆಂದು ಒಳಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿತದ ಜೋರು ನೋಡಿ, ಊಟ ಆದ ಮೇಲೆ ಹೇಳೋಣ ಅನಿಸಿತು. ಊಟಕ್ಕೆ ಮೊದಲೇ ಅಕ್ಕ ಗೋಡೆಯ ಹತ್ತಿರ ಪ್ರತ್ಯಕ್ಷಳಾದಳು.

"ಅಣ್ಣಾರ, ಏಳ ಉಳದಾವ. ನೀವು ಹಿತ್ತಲದಾಗ ಇದ್ರಿ. ಹಾವು ಕಂಡ್ರಿಲ್ಲೋ?"

"ಕಂಡೆ."

"ಬಾಯಾಗ ಏನಿತ್ತು?"

ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ನಾನು ನೆಲ ನೋಡುತ್ತ ಹೇಳಿದೆ, "ಗೊತ್ತಾಗಲಿಲ್ಲಕ್ಕಾ. ಬಾಯಿ ಮುಚ್ಚಿತ್ತು."

"ಯಾರದ್ರಿ, ಹಾವಿಂದೋ ನಿಮ್ದೋ?" ಅಂದಳು ಅಕ್ಕ.

ನವಿಲಿನ ಉಪಾಯ

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಸತ್ಯ ಹೇಳುವ ಧೈರ್ಯವಿಲ್ಲದಿದ್ದರೆ ಉಪಾಯವನ್ನಾದರೂ ಹುಡುಕೋಣ ಎಂದು ಬಸ್ಸಿನಲ್ಲಿ ಸಿಕ್ಕವರನ್ನೆಲ್ಲ ಕೇಳತೊಡಗಿದೆ. ಹತ್ತಿಮತ್ತೂರಿನ ಅಜ್ಜ ಬೆಳ್ಳುಳ್ಳಿ ಜಜ್ಜಿ ಹಾಕು ಅಂದ. ಸವಣೂರಿನ ಎಲೆ ವ್ಯಾಪಾರಿ ಸೀಮೆಎಣ್ಣೆ ಸುರಿಯಿರಿ ಅಂದ. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ ಅಂದೆ. ಇಡೀ ಬಸ್ಸು ಕಿಟಕಿಯ ಆಚೆ ನೋಡತೊಡಗಿತು.

ಶಿಗ್ಗಾವಿಯಲ್ಲಿ ಹತ್ತಿದ ಮಾಸ್ತರರೊಬ್ಬರು ಮಾತ್ರ ಬಲು ಖಾತ್ರಿಯಿಂದ ಹೇಳಿದರು. "ನಮ್ಮ ಬಂಕಾಪುರದ ಕಡೆ ನವಿಲು ಭಾಳ. ನವಿಲು ಕೂಗಿದಲ್ಲಿ ಹಾವು ನಿಲ್ಲಾಂಗಿಲ್ಲ. ಮೊಬೈಲಿನ್ಯಾಗ ನವಿಲಿನ ಕೂಗು ಹಚ್ಚಿ ಇಡ್ರಿ."

ಅಕ್ಕನ ಮೊಬೈಲಿನಲ್ಲಿ ಕೂಗು ಹಚ್ಚಿ ಗೋಡೆಯ ಮೇಲೆ ಇಟ್ಟೆ. ಎರಡನೆಯ ದಿನ ಬೆಳಿಗ್ಗೆ ಎಲ್ಲಿಂದಲೋ ಐದು ನಿಜವಾದ ನವಿಲು ಬಂದಿಳಿದು, ಅಕ್ಕ ಮಾಳಿಗೆಯ ಮೇಲೆ ಒಣಹಾಕಿದ್ದ ಗೋವಿನಜೋಳಕ್ಕೆ ಬಾಯಿ ಹಾಕಿದವು. ಅವನ್ನು ಓಡಿಸುವ ಗದ್ದಲದಲ್ಲಿ ಕೆಳಗೆ ಹಾವು ಬಂದು ಇನ್ನೊಂದು ಮರಿ ಒಯ್ದಿತು.

ಅಕ್ಕ ಮಾಳಿಗೆಯಿಂದಲೇ ಹೇಳಿದಳು. "ಅಣ್ಣಾರ, ಹಾವಿಗೆ ಒಂದು ಮರಿ ಸಾಕಾಗತಿತ್ತು. ನೀವು ಕರೆಸಿದ ಬೀಗರಿಗೆ ಅರ್ಧ ಚೀಲ ಬೇಕಾತು ನೋಡ್ರಿ."

ಫ್ರೀ ಟಿಕೆಟ್

ನನ್ನ ಉಪಾಯ ಸಾಕಾಗಿ ಅಕ್ಕ ತಾನೇ ಚಿಕ್ಕೇರೂರಿನ ತಂಗಿಯ ಮನೆಗೆ ಹೋದಳು. ವಾಪಸು ಬರುವಾಗ ನನ್ನದೇ ಬಸ್ಸು. ಕೈಚೀಲದಿಂದ ಒಂದು ಬಿಳಿ ಕತ್ತು ಹೊರಗೆ ಬಂದು ನನ್ನನ್ನೇ ನೋಡುತ್ತಿತ್ತು. ಬಾತುಕೋಳಿ ಇದ್ದಲ್ಲಿ ಹಾವು ಬರುವುದಿಲ್ಲ ಎಂದು ತಂಗಿ ಕೊಟ್ಟು ಕಳಿಸಿದ್ದಳಂತೆ.

"ಅಕ್ಕಾ, ನಿಂದು ಫ್ರೀ. ಅದಕ್ಕ ಮಾತ್ರ ಟಿಕೆಟ್ ತೊಗೋಬೇಕು."

"ಯಾಕ್ರಿ? ಅದೂ ಹೆಣ್ಣೈತಿ."

"ಹಂಗಾರ ಆಧಾರ್ ಕಾರ್ಡ್ ತೋರಸು."

"ಕಾರ್ಡ್ ಯಾಕ್ರಿ? ಊರು ಮುಟ್ಟೂದ್ರಾಗ ತತ್ತಿ ಇಟ್ಟು ತೋರಸತೈತಿ, ತಡೀರಿ."

ಇಡೀ ಬಸ್ಸು ಅವಳ ಪರ ನಿಂತಿತು. ಮನೆಗೆ ಬಂದ ಮೇಲೆ ಬಾತುಕೋಳಿ ಕಾವಲು ಕಾಯಿತು, ಸುಳ್ಳಲ್ಲ. ಹಾವು ಬಂದಾಗ ನೀರಿನ ತೊಟ್ಟಿಯೊಳಗೆ ಹಾರಿ ಕೂತಿತು. ನಾನು ಗೋಡೆಯ ಹತ್ತಿರ ಬಂದರೆ ಮಾತ್ರ ಕತ್ತು ಚಾಚಿ, ಬುಸುಗುಟ್ಟಿ, ಮೈಮೇಲೆ ಬರುತ್ತಿತ್ತು. ಇನ್ನೆರಡು ಮರಿ ಹೋದವು. ನನ್ನ ಮೊಣಕಾಲಿನ ಗಾಯ ನೋಡಿ ಅಕ್ಕ ಲೊಚಗುಟ್ಟಿದಳು. "ಟಿಕೆಟ್ ಕೇಳಿದ್ದು ಇನ್ನೂ ಮನಸಿನ್ಯಾಗ ಇಟ್ಟುಕೊಂಡೈತ್ರಿ ಪಾಪ."

ಬಲೆ

ಉಳಿದದ್ದು ನಾಲ್ಕು. ಕೆರೆಯಲ್ಲಿ ಮೀನು ಹಿಡಿಯುವವರಿಂದ ಹಳೆಯ ಬಲೆ ತಂದು ಅಕ್ಕನ ಕೋಳಿಗಳ ಜಾಗಕ್ಕೆ ಸುತ್ತ ಕಟ್ಟಿದೆ. ಮರುದಿನ ಬೆಳಿಗ್ಗೆ ಅಕ್ಕನ ಕೂಗಿಗೆ ಓಣಿಯೇ ಎದ್ದು ಬಂತು. ಹಾವು ಹೇಗೋ ಒಳಗೆ ನುಸುಳಿ, ಹೊರಗೆ ಬರುವಾಗ ಬಲೆಗೆ ಸಿಕ್ಕಿಬಿದ್ದಿತ್ತು. ಹೊಟ್ಟೆಯ ಹತ್ತಿರ ಒಂದು ಉಬ್ಬು.

"ಬರ್ರಿ ವೈನಿ, ಉಪಾಸ ಹೆಂಗ ನಡದೈತಿ ನೋಡ್ರಿ!" ಅಂದಳು ಅಕ್ಕ. "ಇವತ್ತ ಖರೆ ಆಗಲಿ, ಜೆಸಿಬಿ ತರಿಸಿ ಆ ಹುತ್ತ ಕೆಡವಸ್ತೇನಿ."

"ಇದು ನಮ್ಮದಲ್ಲ. ಯಾವುದೋ ಪರವೂರಿನ ಹಾವು," ಅಂದಳು ಹೆಂಡತಿ. ಆದರೆ ದನಿಯಲ್ಲಿ ಮೊದಲಿನ ಗಟ್ಟಿ ಇರಲಿಲ್ಲ.

ಹಾನಗಲ್ಲಿನಿಂದ ಹಾವು ಹಿಡಿಯುವವನು ಬಂದು, ಕತ್ತರಿಯಿಂದ ಬಲೆಯ ಒಂದೊಂದೇ ಎಳೆ ಬಿಡಿಸತೊಡಗಿದ. ಅಕ್ಕನ ಕಣ್ಣು ತುಂಬಿತ್ತು. "ಇವು ನಾಕೂ ಹೋದ್ರ ನನ ಮಗಳಿಗೆ ಏನ್ ಮಾಡಿ ಹಾಕ್ಲಿ ಅಣ್ಣಾರ?" ಅಂದಳು. ನನಗೆ ತಡೆಯಲಾಗಲಿಲ್ಲ. ಆದದ್ದಾಗಲಿ, ರೊಟ್ಟಿ ಸಿಗದಿದ್ದರೂ ಸರಿ ಎಂದುಕೊಂಡು ಹೆಂಡತಿಯ ಕಡೆ ತಿರುಗಿದೆ.

"ನೋಡು, ಇದು ನಮ್ಮದ ಹಾವು. ಅವತ್ತ ನಾನ ಕಣ್ಣಾರೆ ಕಂಡೇನಿ, ಬಾಯಾಗ..."

ಅಷ್ಟರಲ್ಲಿ ಹಾವು ಬಾಯಿ ಅಗಲಿಸಿತು. ಹೊಟ್ಟೆಯ ಉಬ್ಬು ಮೆಲ್ಲಗೆ ಮುಂದೆ ಸರಿಯಿತು. ಗುಂಡಗಿನ, ಒದ್ದೆ ವಸ್ತುವೊಂದು ಹೊರಬಿದ್ದು ಉರುಳುತ್ತ ನನ್ನ ಕಾಲ ಹತ್ತಿರ ಬಂತು. ಹಾವು ಹಿಡಿಯುವವನು ಕಡ್ಡಿಯಿಂದ ಹೊರಳಿಸಿ ನೋಡಿದ. ಆಲೂಗಡ್ಡೆ.

ಅಕ್ಕ ಹಣೆ ಬಡಿದುಕೊಂಡಳು. "ಅಯ್ಯ! ಕೋಳಿ ಬ್ಯಾರೆ ಕಡೆ ಹೋಗಿ ತತ್ತಿ ಇಡಬಾರ್ದಂತ, ಬುಟ್ಟ್ಯಾಗ ತತ್ತಿ ಬದಲಿ ನಾನ ಬಟಾಟಿ ಇಟ್ಟಿದ್ದೆ!"

ಕೇಳುವವರು ಯಾರು? ಎಲ್ಲರ ಕಣ್ಣು ಆಲೂಗಡ್ಡೆಯ ಮೇಲಿರುವಾಗ ಹಾವು ಜಾರಿಕೊಂಡು, ಗೋಡೆಯ ಸಂದಿ ದಾಟಿ, ಸೀದಾ ನಮ್ಮ ಹುತ್ತ ಸೇರಿತು. ನನ್ನ ಹೆಂಡತಿ ಎರಡೂ ಕೈ ಮುಗಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಏನೋ ಕಣ್ಣಾರೆ ಕಂಡೇನಿ ಅಂತಿದ್ರಿ? ಕಾಯಿಪಲ್ಯ ತಿನ್ನೂ ಹಾವಿನ ಮ್ಯಾಲೆ ಅಪವಾದ!"

ಅಕ್ಕ ವಾದಕ್ಕೆಂದು ಬಾಯಿ ತೆರೆದಳು. ಒಮ್ಮೆ ತನ್ನ ನಾಲ್ಕು ಮರಿಗಳನ್ನು ನೋಡಿದಳು. ಬಾಯಿ ಮುಚ್ಚಿ, ಸೆರಗು ಸರಿಮಾಡಿಕೊಂಡು, ಬಲು ವಿನಯದಿಂದ ಹೇಳಿದಳು. "ತಪ್ಪಾತ್ರಿ ವೈನಿ. ಇದು ಖರೇನ ನಿಮ್ಮ ಮನಿ ಹಾವು. ಆದ್ರ ಮನ್ಯಾಗ ಹೊಟ್ಟಿತುಂಬ ಹಾಕದಿದ್ರ ಯಾರಾದ್ರೂ ಹೊರಗ ತಿರಗ್ತಾರ. ನಾಳಿಂದ ದಿನಾ ಎರಡು ಹೊತ್ತು ಬಟಾಟಿ ಪಲ್ಯ ಮಾಡಿ ಹುತ್ತದ ಮುಂದ ಇಡ್ರಿ."

ನನ್ನ ಹೆಂಡತಿ ಗಂಭೀರವಾಗಿ ತಲೆಯಾಡಿಸಿದಳು. ಬಲೆ ಮಡಚುತ್ತಿದ್ದ ಹಾವು ಹಿಡಿಯುವವನನ್ನು ಹತ್ತಿರ ಕರೆದು ಕೇಳಿದಳು, "ತಮ್ಮಾ, ಪಲ್ಯಾಕ ಖಾರ ಹಾಕಬೇಕೋ, ಬ್ಯಾಡೋ?"