ಅರ್ಧ ಬಾಡಿಗೆಯ ರೂಮು

ಹೋದ ಊರಲ್ಲೆಲ್ಲ ಅಗ್ಗದ ರೂಮು ಹುಡುಕುವುದು ಲಾರಿ ಡ್ರೈವರನಿಗೆ ಒಂದು ವಿದ್ಯೆ. ಆ ವಿದ್ಯೆಯಲ್ಲಿ ನನಗೆ ಸಮಾನರಿಲ್ಲ ಎಂದು ನಾನು ಹದಿನೆಂಟು ವರ್ಷ ನಂಬಿದ್ದೆ. ಬೇರೆ ಯಾರೂ ನಂಬಿರಲಿಲ್ಲ, ಅದು ಬೇರೆ ಮಾತು.

ರೇಷ್ಮೆ ಗೂಡಿಗೆ ಚಿನ್ನದ ಬೆಲೆ ಬಂದಿದ್ದ ಕಾಲ. ರಾಮನಗರದಲ್ಲಿ ನೂಲು ತೆಗೆಯುವವರ ಒಲೆಗಳು ಆರುತ್ತಲೇ ಇರಲಿಲ್ಲ. ಆ ಒಲೆಗಳಿಗೆ ನಾಗಮಂಗಲದ ಕಡೆಯಿಂದ ಲಾರಿಯಲ್ಲಿ ನೀಲಗಿರಿ ಸೌದೆ ಸಾಗಿಸುತ್ತಿದ್ದವನು ನಾನು. ಆ ಸಲ ಹೆಂಡತಿ ಗೌರಮ್ಮನೂ ಲಾರಿ ಹತ್ತಿದಳು. ರೇಷ್ಮೆ ಹುಟ್ಟುವ ಊರಲ್ಲೇ ಸೀರೆ ಕೊಂಡರೆ ಅಗ್ಗ ಎಂದು ಅವಳಿಗೆ ಯಾರೋ ಹೇಳಿದ್ದರು. ಅಲ್ಲಿ ಸಿಗುವುದು ನೂಲು, ಸೀರೆಯಲ್ಲ ಎಂದು ನನಗೆ ಗೊತ್ತಿತ್ತು. ಹೇಳಿದರೆ ಕಂಚಿಗೆ ಹೊರಡಬೇಕಾದೀತೆಂದು ಬಾಯಿ ಮುಚ್ಚಿಕೊಂಡಿದ್ದೆ!

ಸೌದೆಯನ್ನು ಬಷೀರ್ ಸಾಬರ ನೂಲಿನ ಮನೆ ಮುಂದೆ ಇಳಿಸಿ, ಹೆದ್ದಾರಿಗೆ ಬರುವಷ್ಟರಲ್ಲಿ ಗೇರ್‌ಬಾಕ್ಸು ಕಟಕಟ ಎಂದು ನಿಂತೇ ಹೋಯಿತು. ಗ್ಯಾರೇಜಿನವನು ಒಂದೊಂದೇ ಸಾಮಾನು ಬಿಚ್ಚಿ, ಮಲಗಲು ಇದ್ದ ಸೀಟನ್ನೂ ಕಿತ್ತು ಆಚೆ ಇಟ್ಟು, "ನಾಳೆ ಮಧ್ಯಾಹ್ನ ಬಾರಣ್ಣ" ಅಂದ.

"ಬಸ್ಸೈತೆ ಕಣ್ರೀ, ಊರಿಗೆ ಹೋಗ್ಬುಡಾನ" ಎಂದಳು ಗೌರಮ್ಮ.

"ಗಾಡಿ ಬುಟ್ಟಾ? ನಾವು ವಾಪಸ್ ಬರೋಷ್ಟ್ರಲ್ಲಿ ಹೊಸ ಸಾಮಾನಿನ ಜಾಗದಲ್ಲಿ ಹಳೇದು ಕೂತಿರ್ತೈತೆ. ರೂಮ್ ಹುಡುಕ್ತೀನಿ ಕಣಮ್ಮಿ, ಹತ್ತೇ ನಿಮಿಷ!"

ಮೊದಲ ಲಾಡ್ಜಿನವನು ನನ್ನ ಖಾಕಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, "ಡ್ರೈವರುಗಳಿಗೆ ರೂಮ್ ಇಲ್ಲ" ಎಂದ. ಪಕ್ಕದಲ್ಲೇ ಕೆಸರು ಕಾಲಿನ ರೈತನೊಬ್ಬ ನಿಂತಿದ್ದ. ಗೂಡು ಮಾರಿ ಬಂದವನು. ಅವನಿಗೆ "ಬನ್ನಿ ಸ್ವಾಮಿ, ಬಿಸಿನೀರು ಕಾಯಿಸ್ಲಾ?" ಎಂಬ ಉಪಚಾರ. ಅವನ ಗೂಡನ್ನು ಹೊತ್ತು ತಂದವನೂ ಯಾರೋ ಒಬ್ಬ ಡ್ರೈವರನೇ ಎಂಬುದು ಲಾಡ್ಜಿನವನಿಗೆ ಹೊಳೆಯಲಿಲ್ಲ. ಎರಡನೆಯವನು ಹೇಳಿದ ಬಾಡಿಗೆ ಕೇಳಿ, ರೂಮು ಬಾಡಿಗೆಗೋ ಕ್ರಯಕ್ಕೋ ಎಂದು ಕೇಳಿದೆ. "ಗೂಡಿನ ರೇಟು ಏರೈತೆ, ನಮ್ದೂ ಏರೈತೆ" ಎಂದ. ಹುಳ ಹಿಪ್ಪುನೇರಳೆ ಸೊಪ್ಪು ತಿಂದರೆ ಮಂಚದ ಬೆಲೆ ಏಕೆ ಏರಬೇಕೋ ದೇವರಿಗೇ ಗೊತ್ತು! ಮೂರನೆಯ ಕಡೆ ರೂಮು ಅಗ್ಗವೇ. ಆದರೆ ಅರ್ಧ ರೂಮಿನಲ್ಲಿ ನೂಲು ತೆಗೆದಾದ ಮೇಲೆ ಉಳಿದ ಸತ್ತ ಹುಳುಗಳ ಮೂಟೆ. ಗೌರಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಇದ್ಕಿಂತ ಗ್ಯಾರೇಜೇ ವಾಸಿ" ಎಂದು ಹೊರನಡೆದಳು.

ಹತ್ತು ನಿಮಿಷ ಹೋಗಿ ಎರಡು ಗಂಟೆಯಾಗಿತ್ತು. ಗಂಡಸಿನ ಮಾನದ ಪ್ರಶ್ನೆ! ಗ್ಯಾರೇಜಿಗೆ ಹೋಗಿ ಖಾಕಿ ಬಿಚ್ಚಿಟ್ಟು, ಸೀರೆ ಅಂಗಡಿಗೆ ಉಟ್ಟು ಬರಲೆಂದು ಗೌರಮ್ಮ ತಂದಿದ್ದ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ನಾಲ್ಕನೆಯ ಲಾಡ್ಜಿಗೆ ಕಾಲಿಟ್ಟೆ. ಅದರ ಮಾಲೀಕ ಪುಟ್ಟಸ್ವಾಮಿ. ಬೆರಳಿಗೊಂದು ಉಂಗುರ, ಉಂಗುರಕ್ಕೊಂದು ಕಲ್ಲು.

"ಬನ್ನಿ ಗೌಡ್ರೇ! ಗೂಡು ತಂದಿದ್ದೀರಾ? ಎಷ್ಟು ಎಕರೆ ಸೊಪ್ಪು?"

"ಆರು" ಎಂದೆ. ನನ್ನ ಹೆಸರಿಗೆ ಊರಲ್ಲಿ ಇದ್ದದ್ದು ಒಂದು ತೆಂಗಿನ ಮರ. ಅದೂ ಅಣ್ಣನ ಜೊತೆ ಪಾಲು.

"ಆರಾ! ಬೆಳೆಗಾರ್ರು ಅಂದ್ರೆ ನಮ್ ದೇವ್ರು. ಅರ್ಧ ಬಾಡಿಗೆ ಕೊಡಿ, ಸಾಕು."

ಗೌರಮ್ಮನ ಕಡೆ ವಿಜಯದ ನೋಟ ಬೀರಿದೆ. ಅವಳು ಗೋಡೆ ನೋಡುತ್ತಿದ್ದಳು.

ಕಾಫಿ ಬಂತು. ಕಾಫಿಯ ಹಿಂದೆಯೇ ಪುಟ್ಟಸ್ವಾಮಿಯೂ ಬಂದ. "ಗೌಡ್ರೇ, ಊರೆಲ್ಲ ನೂಲು ತೆಗ್ದು ಮಾಳಿಗೆ ಮನೆ ಕಟ್ತು. ನಾನೊಬ್ಬ ದಿಂಬಿನ ಕವರ್ ಒಗೆಸ್ಕೊಂಡು ಕೂತಿದ್ದೆ. ಈಗ ನಾನೂ ಲೈಸೆನ್ಸ್ ಮಾಡಿಸಿ ಎರಡು ಚರಕ ಹಾಕಿದೀನಿ. ನಾಳೆ ಮೊದಲ್ನೇ ಸಲ ಹರಾಜಲ್ಲಿ ಗೂಡು ಹಿಡೀಬೇಕು. ನೀವೊಸಿ ಬಂದು ಮಾಲು ನೋಡ್ಬುಡಿ."

"ಅದಕ್ಕೇನಂತೆ!" ಅಂದುಬಿಟ್ಟೆ.

ಅವನು ಹೋದದ್ದೇ ತಡ, ಗೌರಮ್ಮ ಬಾಗಿಲು ಹಾಕಿದಳು. "ಈಗ್ಲೇ ಹೋಗಿ ನಿಜ ಹೇಳ್ಬುಡಿ. ನೀವು ಗೂಡು ಕಂಡಿರೋದು ಲಾರಿ ಕನ್ನಡೀಲಿ ಮಾತ್ರ."

"ಹೇಳಿದ್ರೆ ಈಗ್ಲೇ ಬೀದೀಗೆ ಕಣಮ್ಮಿ! ಗೂಡು ನೋಡೋದು ಏನ್ ಮಹಾ ವಿದ್ಯೆ? ಗಟ್ಟಿಗೈತಾ, ಇಲ್ವಾ. ಅಷ್ಟೇ!"

ಆ ರಾತ್ರಿ ಸೊಗಸಾದ ನಿದ್ದೆ ಬಂತು. ಅಜ್ಞಾನಕ್ಕಿಂತ ಮೆತ್ತನೆಯ ಹಾಸಿಗೆ ಬೇರೆ ಇಲ್ಲ.

ಬೆಳಿಗ್ಗೆ ಮೂವರೂ ಗೂಡಿನ ಮಾರುಕಟ್ಟೆಗೆ ಹೋದೆವು. ಸಾಲು ಸಾಲಾಗಿ ಹಳದಿ ಗೂಡಿನ ರಾಶಿಗಳು. ಕೊಳ್ಳುವವರು ರಾಶಿಗೆ ಕೈ ಹಾಕಿ, ಒಂದು ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಯಾಕೆಂದು ತಿಳಿಯದಿದ್ದರೂ ನಾನೂ ಹಾಗೇ ಮಾಡಿದೆ. ಮೊದಲ ರಾಶಿಯ ಗೂಡು ಟಕ್ ಟಕ್ ಎಂದಿತು. ನನ್ನ ಹದಿನೆಂಟು ವರ್ಷದ ಅನುಭವ ಎಚ್ಚೆತ್ತುಕೊಂಡಿತು. ಲಾರಿಯಲ್ಲಿ ಯಾವುದು ಸದ್ದು ಮಾಡುತ್ತದೋ ಅದು ಕೆಟ್ಟಿದೆ ಎಂದೇ ಅರ್ಥ!

"ಬ್ಯಾಡ" ಎಂದೆ ಗಂಭೀರವಾಗಿ. "ಒಳಗೆಲ್ಲ ಲೂಸು."

ಎರಡನೆಯದೂ ಲೂಸು. ಮೂರನೆಯದೂ ಲೂಸು. ಇಡೀ ಜಿಲ್ಲೆಯ ರೈತರು ಇಷ್ಟು ಸಡಿಲ ಮಾಲು ಬೆಳೆಯುತ್ತಾರಲ್ಲ ಎಂದು ಬೇಸರವಾಯಿತು. ಕೊನೆಗೆ ಮೂಲೆಯ ಒಂದು ರಾಶಿ. ಅಲ್ಲಾಡಿಸಿದೆ. ನಿಶ್ಶಬ್ದ! ಇನ್ನೊಂದು ಎತ್ತಿದೆ. ಅದೂ ಮೌನ.

"ಇದು ಮಾಲು! ಬಿಗಿ ಅಂದ್ರೆ ಬಿಗಿ. ಹಿಡೀರಿ ಸ್ವಾಮಿ!"

ಪುಟ್ಟಸ್ವಾಮಿ ಹರಾಜು ಕೂಗಿದ. ಎದುರು ಕೂಗುವವರೇ ಇಲ್ಲ. ಮಾರಿದ ರೈತ ಚೀಟಿ ಇಸಿದುಕೊಂಡು, ಯಾರೋ ಅಟ್ಟಿಸಿಕೊಂಡು ಬಂದಂತೆ ಮಾಯವಾದ. "ನೋಡಿದ್ರಾ? ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ!" ಎಂದು ಪುಟ್ಟಸ್ವಾಮಿಯ ಬೆನ್ನು ತಟ್ಟಿದೆ.

ಅಷ್ಟರಲ್ಲಿ ನನ್ನ ಬೆನ್ನನ್ನೂ ಯಾರೋ ತಟ್ಟಿದರು. ತಿರುಗಿದರೆ ಬಷೀರ್ ಸಾಬರು!

"ಏನ್ ಡ್ರೈವರಪ್ಪಾ, ಇನ್ನೂ ಇಲ್ಲೇ ಇದೀಯಾ? ಇದೇನು, ಮದುವೆಗೆ ಹೊರಟೋನಂಗೆ ಪಂಚೆ?"

"ಡ್ರೈವರಾ?" ಎಂದ ಪುಟ್ಟಸ್ವಾಮಿ.

ನಾನು ಆಕಾಶ ನೋಡಿದೆ. ಮಾರುಕಟ್ಟೆಯ ತಗಡಿನ ಚಾವಣಿ ಕಂಡಿತು.

ಸಾಬರು ರಾಶಿಯಿಂದ ಒಂದು ಗೂಡು ಎತ್ತಿ ಅಲ್ಲಾಡಿಸಿದರು. ಮುಖ ಸಿಂಡರಿಸಿದರು. ಬ್ಲೇಡಿನಿಂದ ಸೀಳಿದರು. ಒಳಗೆ ಕಪ್ಪು ಅಂಟು, ಕೆಟ್ಟ ನಾತ. "ಹುಳ ಒಳಗೇ ಸತ್ತು ಕೊಳೆತು ಅಂಟ್ಕೊಂಡೈತೆ ಪುಟ್ಟಸ್ವಾಮಿ. ಒಳ್ಳೆ ಗೂಡು ಟಕ್ ಟಕ್ ಅಂತ ಕಿವೀಲಿ ಮಾತಾಡ್ತೈತೆ. ಮಾತಾಡೋವನ್ನೆಲ್ಲ ಬಿಟ್ಟು ಮೂಕನ್ನ ತಗೊಂಡಿದೀಯಲ್ಲಪ್ಪ!"

ಪುಟ್ಟಸ್ವಾಮಿ ಉಂಗುರದ ಕೈಯಿಂದ ನನ್ನ ಬಿಳಿ ಅಂಗಿಯ ಕೊರಳಪಟ್ಟಿ ಹಿಡಿದ. "ಆರು ಎಕರೆ ಸೊಪ್ಪು ಅಂದ್ಯಲ್ಲೋ!"

"ಬುಡಿ ಸ್ವಾಮಿ" ಎಂದು ಗೌರಮ್ಮ ನಡುವೆ ಬಂದಳು. "ನಮ್ಮೋರು ಸುಳ್ಳು ಹೇಳಿದ್ದು ತಪ್ಪೇ. ಆದ್ರೆ ಖಾಕೀಲಿ ಬಂದಿದ್ರೆ ನೀವು ರೂಮ್ ಕೊಡ್ತಿದ್ರಾ?"

ಪುಟ್ಟಸ್ವಾಮಿಯ ಕೈ ಸಡಿಲವಾಯಿತು. ಆದರೆ ಕಣ್ಣಲ್ಲಿ ನೀರು ನಿಂತಿತ್ತು. ಮೊದಲ ವ್ಯಾಪಾರ, ಹೆಂಡತಿಯ ಸರ ಅಡವಿಟ್ಟು ಮಾಡಿದ್ದಂತೆ. ಅದನ್ನು ಕೇಳಿದ ಮೇಲೆ ನನ್ನ ಪಂಚೆ ನನಗೇ ಚುಚ್ಚತೊಡಗಿತು.

ಬಷೀರ್ ಸಾಬರೇ ಪಂಚಾಯ್ತಿ ಮಾಡಿದರು. ಕೆಟ್ಟ ಮಾಲಿನಲ್ಲಿ ನೂಲಿಗೆ ಬರುವಷ್ಟನ್ನು ಆರಿಸಿ ಅವರೇ ಕೊಳ್ಳುವುದು. "ಪಂಚೆ ನೋಡಿ ಗೂಡು ಕೊಂಡಿದ್ದು ಪುಟ್ಟಸ್ವಾಮಿ ತಪ್ಪು, ಅರ್ಧ ನಷ್ಟ ಅವ್ನಿಗೆ. ಉಳಿದರ್ಧಕ್ಕೆ, ಡ್ರೈವರಪ್ಪಾ, ಲಾಡ್ಜಿನ ನೀರೊಲೆಗೆ ನಾಲ್ಕು ಲೋಡ್ ಸೌದೆ ಬಿಟ್ಟಿ ಹಾಕು." ನಾಲ್ಕು ಲೋಡ್! ಆ ಸೌದೆಯ ಬೆಲೆಗೆ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ವಾರಗಟ್ಟಲೆ ಮಲಗಬಹುದಿತ್ತು. ತಲೆಯಾಡಿಸಿದೆ. ತಲೆಯಿಂದ ಯಾವ ಸದ್ದೂ ಬರಲಿಲ್ಲ.

ಮುಂದಿನ ವಾರ ಮೊದಲ ಲೋಡು ತಂದೆ. ಗೌರಮ್ಮನೂ ಬಂದಿದ್ದಳು. ಸೀರೆಗಲ್ಲ, "ನಿಮ್ ಬಾಯಿ ಕಾಯಕ್ಕೆ" ಎಂದು. ಲಾಡ್ಜಿನ ಹಿತ್ತಿಲ ಬಾಗಿಲಲ್ಲಿ ಪುಟ್ಟಸ್ವಾಮಿ ನಿಂತಿದ್ದ. ನಾನು ಒಂದು ತುಂಡು ಎತ್ತಿ ಬಡಿದು ತೋರಿಸಿದೆ. ಸೌದೆ ಮಾತ್ರ ನನಗೆ ನಿಜವಾಗಿ ಗೊತ್ತಿದ್ದ ವಿಷಯ.

"ಚೆನ್ನಾಗಿ ಒಣಗೈತೆ ಸ್ವಾಮಿ, ಒಂದಿಷ್ಟೂ ಹೊಗೆ ಬರಲ್ಲ."

ಪುಟ್ಟಸ್ವಾಮಿ ನನ್ನನ್ನು ನೋಡಿದ. ಸೌದೆ ನೋಡಿದ. ಆಮೇಲೆ ಗೌರಮ್ಮನ ಕಡೆ ತಿರುಗಿದ.

"ಅಕ್ಕಾ, ನೀವು ಹೇಳಿ. ಒಣಗೈತಾ?"

"ಐತೆ" ಎಂದಳು ಗೌರಮ್ಮ.

"ಸರಿ, ಇಳ್ಸು" ಎಂದ ನನಗೆ.