ನೆಲ್ಲಿನ ವೇಷದ ಕಸ

ಜೀವಶಾಸ್ತ್ರದ ಮೇಷ್ಟ್ರಿಗೆ ಪೇಚಾಟ ತಪ್ಪಿದ್ದಲ್ಲ, ಒಂದಿಲ್ಲೊಂದು ಆಗುತ್ತಲೇ ಇರುತ್ತದೆ. ಪ್ರಾಣಿಗಳು ಆಸೆಪಟ್ಟು ಬದಲಾಗುವುದಿಲ್ಲ, ಪರಿಸರಕ್ಕೆ ಒಗ್ಗುವ ಗುಣ ಇದ್ದವು ಉಳಿದು ಮರಿ ಹಾಕುತ್ತವೆ ಅಂತ ವರ್ಷವರ್ಷವೂ ಗಂಟಲು ಹರಕೊಂಡಿದ್ದೇನೆ. ಪರೀಕ್ಷೆಯಲ್ಲಿ ಎಲ್ಲರೂ ಬರೆಯುವುದು ಮಾತ್ರ "ಆಸೆಪಟ್ಟವು, ಬದಲಾದವು" ಅಂತ! ನಿವೃತ್ತಿಗೆ ಮೂರೇ ತಿಂಗಳಿತ್ತು. ಅಷ್ಟರೊಳಗೆ ಒಬ್ಬರಿಗಾದರೂ ಇದು ತಿಳಿಯಲಿ ಅನ್ನುವುದೇ ನನ್ನ ಹಂಬಲ.

ಎರಡು ಇಂಚು

ಕುರುಗೋಡಿನ ಕಾಲೇಜು. ಎಲೆಗಾಗಿ ಚಾಚಿ ಚಾಚಿ ಜಿರಾಫೆಯ ಕತ್ತು ಉದ್ದವಾಗಲಿಲ್ಲ ಅನ್ನುವ ಪಾಠ. ಹಾಸ್ಟೆಲಿನ ಹುಡುಗಿಯೊಬ್ಬಳು ಎದ್ದಳು.

"ಸರ್, ಪೊಲೀಸ್ ಸೆಲೆಕ್ಷನ್‌ಗೆ ಎತ್ತರ ಸಾಲವಲ್ದು. ದಿನಾ ಬಾಗಿಲ ಚೌಕಟ್ಟಿಗೆ ಜೋತು ಬೀಳ್ತೀನ್ರಿ. ಅದು ದಂಡ ಏನ್ರಿ?"

"ಜೋತು ಬಿದ್ದು ಬೆಳದದ್ದು ಮುಂದ ನಿನ್ನ ಮಕ್ಕಳಿಗೆ ಬರಂಗಿಲ್ಲವ್ವ."

"ಮಕ್ಕಳದು ಬಿಡ್ರಿ ಸರ್, ನನಗ ಎರಡು ಇಂಚು ಬಂದ್ರ ಸಾಕು!"

ಮನೆಯ ಪಾಠ

ಪಾರ್ವತಿನಗರದ ಮನೆಗೆ ಬಂದು ಹೆಂಡತಿಯ ಮುಂದೆ ಗೋಳು ತೋಡಿಕೊಂಡೆ. ಅವಳು ನನ್ನ ಬೋಳುತಲೆ ನೋಡಿದಳು.

"ಈ ಬಳ್ಳಾರಿ ಬಿಸಲಿಗೆ ತಲಿ ಮ್ಯಾಲೆ ಕೂದಲು ಬೇಕಿತ್ತು. ನಿಮ್ಮ ತಲೀಗೇ ಪಾಠ ಹತ್ತಿಲ್ಲ, ಮಕ್ಕಳಿಗೇನು ಹತ್ತತೈತಿ?"

ಗದ್ದೆಯ ಪಾಠ

ಆ ಎರಡು ಇಂಚಿನ ಹುಡುಗಿಯ ಊರು ಸಿರುಗುಪ್ಪ ಕಡೆಯ ಕೆಂಚನಗುಡ್ಡ. "ನಮ್ಮ ನೆಲ್ಲಿನ ಗದ್ದಿ ನೋಡಾಕ ಬರ್ರಿ ಸರ್" ಅಂತ ಕರೆದಳು, ಹೋದೆ. ಅವಳ ತಾಯಿ ಭತ್ತದ ಪೈರಿನ ನಡುವೆ ಕಸ ಕೀಳುತ್ತಿದ್ದರು. ನಾನೂ ಹುರುಪಿನಿಂದ ಪ್ಯಾಂಟು ಮಡಚಿ ಇಳಿದು ಒಂದು ಹಿಡಿ ಕಿತ್ತೆ.

"ಅಯ್ಯಯ್ಯ ಸರ್, ಅದು ನೆಲ್ಲು! ಕಸ ಪಕ್ಕದಾಗೈತಿ ನೋಡ್ರಿ!" ಅಂತ ತಾಯಿ ಕೂಗಿದರು.

ನನ್ನ ಕಣ್ಣಿಗೆ ಎರಡೂ ಒಂದೇ. "ಯಾಕಮ್ಮ ಹಿಂಗ?" ಅಂದೆ.

"ಬ್ಯಾರೆ ಕಂಡದ್ದನ್ನೆಲ್ಲ ನಮ್ಮ ಅಜ್ಜಿ, ಮುತ್ತಜ್ಜಿ ಕಿತ್ತು ಒಗದ್ರು. ನೆಲ್ಲಿನಂಗ ಕಂಡದ್ದು ಕಣ್ಣು ತಪ್ಪಿಸಿಕೊಂಡು ಬೀಜ ಉದುರಿಸ್ತು. ಈಗ ಅದರ ಸಂತಾನ ಎಲ್ಲ ಹಂಗ ಹುಟ್ಟತಾವ."

ನಾನು ತಟ್ಟನೆ ಕೇಳಿದೆ, "ನೆಲ್ಲಿನಂಗ ಆಗಬೇಕಂತ ಕಸಕ್ಕ ಆಸೆ ಇತ್ತೇನಮ್ಮ?"

"ಕಸಕ್ಕ ಯಾತರ ಆಸೆ ಸರ್? ಕಾಣದ್ದು ಉಳೀತು, ಅಷ್ಟ."

"ಸರ್, ಈಗ ತಿಳೀತ್ರಿ!" ಅಂತ ಬದುವಿನ ಮೇಲೆ ಹುಡುಗಿ ಕುಣಿದಳು. ಕೆಸರಲ್ಲೇ ಕೈ ಮುಗಿದೆ, ಸುಳ್ಳಲ್ಲ, ಕಣ್ಣು ತುಂಬಿ ಬಂತು. ಆ ತಾಯಿಗೆ ನಾಚಿಕೆಯಾಯಿತು. ಆದರೂ ನನ್ನ ಮುಷ್ಟಿಯಲ್ಲಿದ್ದ ಪೈರು ನೋಡಿ ನಗು ತಡೆಯಲಾಗಲಿಲ್ಲ.

"ನಿಮ್ಮಂಥೋರು ಕಸ ತಗದಿದ್ರ ಕಸಕ್ಕ ಏನೂ ಆಗತಿರಲಿಲ್ಲ ಸರ್. ಇಷ್ಟೊತ್ತಿಗೆ ನಮ್ಮ ನೆಲ್ಲೇ ಕಸದಂಗ ಆಗಿರತಿತ್ತು!"